ಓಕೋನಿ ಸೇತುವೆಯ ಆಳುಗಳು

ಓಕೋನಿ ನದಿ ದಂಡೆ, ಜಾರ್ಜಿಯಾ
ಅಕ್ಟೋಬರ್ 14, 1877

ನನ್ನ ಕೆಸಾಯಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತವನನ್ನು ಚೆನ್ನಾಗಿ ಬೈದುಕೋ. ಕೆಲಸ ಹೆಚ್ಚಿತ್ತು ಅನ್ನುವುದು ಅರ್ಧ ನಿಜ. ಬರೆಯಲು ಮುಖವಿರಲಿಲ್ಲ.

ಸೇತುವೆ ಆಚೆ ದಡ ಮುಟ್ಟಿದೆ. ಮಳೆಗೆ ಮರ ಕೊಳೆಯದಂತೆ ಮೇಲೆ ಚಾವಣಿ ಹೊದಿಸುವುದಷ್ಟೇ ಬಾಕಿ. ನಿನ್ನೆ ಸೇತುವೆ ನೋಡಲು ಬಂದ ಬಿಳಿಯ ಜಡ್ಜ್ ಸಾಹೇಬರು ಕುದುರೆ ಇಳಿದು, ನನಗೆ ಟೊಪ್ಪಿ ಮುಟ್ಟಿ, "ಮಿಸ್ಟರ್ ಲಾಟನ್, ನಿಮ್ಮ ಹಾಗೆ ಸೇತುವೆ ಕಟ್ಟೋರು ಈ ಸೀಮೇಲೇ ಇಲ್ಲ ಬಿಡಿ" ಅಂದರು. ನೀನಿದ್ದಿದ್ದರೆ "ಜಾಸ್ತಿ ಉಬ್ಬಬೇಡ, ಅಂಗಿ ಗುಂಡಿ ಕಿತ್ಕೊಂಡು ಹೋಗುತ್ತೆ" ಅನ್ನುತ್ತಿದ್ದೆ. ಉಬ್ಬಲಿಲ್ಲ, ಕೆಸಾಯಾ. ಅವರ ಬೆನ್ನ ಹಿಂದೆ ಸರಪಳಿಯ ಸದ್ದು ಕೇಳುತ್ತಿತ್ತು.

ಹೌದು, ಇಲ್ಲಿ ದುಡಿಯುತ್ತಿರುವವರು ಕೈದಿಗಳು. ಎಲ್ಲರೂ ನಮ್ಮ ಕಪ್ಪು ಜನವೇ. "ಸರಪಳಿ ಕಂಡ ಕೂಡ್ಲೇ ಮನೆಗೆ ಬಂದ್ಬಿಡು" ಎಂದು ಹೊರಡುವಾಗಲೇ ನೀನು ಹೇಳಿದ್ದೆ. ಕೈದಿಗಳು ಯಾಕೆ ಎಂದು ಕಂತ್ರಾಟುದಾರ ಟಾಲಿವರ್‌ನನ್ನು ಕೇಳಿಯೂ ನೋಡಿದೆ. ಅವನು ನಕ್ಕ. "ಜೈಲಿಂದ ಬಾಡಿಗೆಗೆ ತಂದಿರೋರು ಕಣಯ್ಯಾ. ನಿಂಗೆ ಬೇಡಾಂದ್ರೆ ಹೇಳು, ಬೇರೆ ಮೇಸ್ತ್ರಿ ಕರೀತೀನಿ." ಗುಲಾಮನಾಗಿದ್ದಾಗ ನನ್ನನ್ನೂ ನನ್ನ ಉಳಿ, ಗರಗಸದ ಜೊತೆ ಹೀಗೇ ಬಾಡಿಗೆಗೆ ಕೊಡುತ್ತಿದ್ದರು. ಆದರೂ ಇಲ್ಲೇ ಉಳಿದೆ. ಇಷ್ಟು ದೊಡ್ಡ ಸೇತುವೆಗೆ ನನ್ನ ಹೆಸರು ಬರಲಿ ಎಂಬ ಆಸೆ ಬಿಡಲಾಗಲಿಲ್ಲ.

ಸುತ್ತಿಗೆ ಬೀಸುವಾಗ ಮೇಲಿನವರನ್ನು ಛೇಡಿಸಿ ಹಾಡುವುದು ನಮ್ಮವರ ವಾಡಿಕೆ ತಾನೆ? ನಾನೂ ಹಾಡಿದವನೇ. ಈಗ ನಾನು ಹತ್ತಿರ ಹೋದರೆ ಹಾಡು ನಿಂತುಬಿಡುತ್ತದೆ.

ಕೆಲಸ ಹುಡುಕಿಕೊಂಡು ಹೋದ ನಿನ್ನ ತಮ್ಮ ರ‍್ಯಾನ್ಸಮ್‌ನ ಸುದ್ದಿ ಸಿಕ್ಕಿತೇ ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಕಂಡಕಂಡವರನ್ನೆಲ್ಲ ವಿಚಾರಿಸುತ್ತಿದ್ದೇನೆ. ಅತ್ತು ಕಣ್ಣು ಕೆಡಿಸಿಕೊಳ್ಳಬೇಡ.

ಮಕ್ಕಳಿಗೆ ನನ್ನ ಮುತ್ತು. ಕರ್ತನು ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಜೊಸಾಯ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಬರೆದದ್ದು ಸುಳ್ಳು. ರ‍್ಯಾನ್ಸಮ್ ಇಲ್ಲೇ ಇದ್ದಾನೆ, ಸರಪಳಿಯಲ್ಲಿ. ಕೆಲಸವಿಲ್ಲದೆ ಅಲೆಯುತ್ತಿದ್ದಾನೆಂದು ಹಿಡಿದು ಜೈಲಿಗೆ ಹಾಕಿದರಂತೆ. ಮೊದಲ ದಿನವೇ ಎದುರಾದ. "ಇವನು ನಮ್ಮ ಹುಡುಗ" ಎಂದು ಬಾಯಿಗೆ ಬಂದದ್ದನ್ನು, ಟಾಲಿವರ್ ಪಕ್ಕದಲ್ಲಿದ್ದನೆಂದು ನುಂಗಿಕೊಂಡೆ. "ಭಾವಾ" ಎನ್ನಲು ಹೊರಟವನು ನನ್ನ ಮುಖ ನೋಡಿ ತಲೆ ತಗ್ಗಿಸಿ, "ದೊರೆ, ಈ ಮರದ ಮೊಳೆ ಎಲ್ಲಿ ಬಡೀಲಿ?" ಎಂದು ಕೇಳಿದ.

ನಾನು ಜಾಗ ತೋರಿಸಿದೆ.