ಮಹಡಿಯ ಖಾಲಿ ಕೋಣೆ

ಟೈಲರಕ್ಕಾ,

ನೀನು ಸತ್ತು ವರ್ಷವಾಯಿತು. ಈ ಕಾಗದಕ್ಕೆ ವಿಳಾಸವಿಲ್ಲ. ಬದುಕಿದ್ದಾಗಲಾದರೂ ನಿನಗೆಲ್ಲಿತ್ತು? ಹೊಲಿಗೆ ಯಂತ್ರ ಹೊತ್ತು ಹನ್ನೊಂದು ಬಾಡಿಗೆ ಮನೆ ಸುತ್ತಿದವಳು ನೀನು.

ಅಪ್ಪನಿಂದ ಬಂದ ಮನೆಗಳಿಗೂ ತೆರಿಗೆ ಹಾಕಿ ಎಂದು ನಾವಿಬ್ಬರೂ ಬೀದಿಯಲ್ಲಿ ಗಂಟಲು ಹರಿದುಕೊಂಡೆವಲ್ಲ, ಕೊನೆಗೂ ಕಾನೂನು ಬಂತು. ಇವತ್ತು ನನ್ನ ಮನೆ ಅಳೆಯಲು ತೆರಿಗೆಯವರು ಬಂದರು. ಬೀದಿಯ ಹುಲಿ ಮನೆಯಲ್ಲಿ ಹೆಗ್ಗಣವಾಗಿದ್ದೆ. ಮಹಡಿಯ ಕೋಣೆ ಲೆಕ್ಕಕ್ಕೆ ಸಿಗಬಾರದೆಂದು, ನೀನು ಹೊಲಿದುಕೊಟ್ಟ ಬ್ಯಾನರನ್ನೇ ಅಕ್ಷರವಿದ್ದ ಬದಿ ಒಳಗೆ ಮಾಡಿ ಅದರ ಬಾಗಿಲಿಗೆ ಕಟ್ಟಿದ್ದೆ.

"ಇದರ ಹಿಂದೆ ಏನಿದೆ ಸಾರ್?" ಅಂದಳು ಅಧಿಕಾರಿ ಹುಡುಗಿ.

"ಗೋಡೆ ಕಣಮ್ಮ. ಪಾಚಿ ಹಿಡಿದಿದೆ."

ಅವಳು ಬಟ್ಟೆ ಎತ್ತಿದಳು. 'ದುಡಿಯದೆ ಬಂದ ಮನೆಗೆ ತೆರಿಗೆ ಹಾಕಿ' ಎಂಬ ನಿನ್ನ ಕೆಂಪು ಅಕ್ಷರಗಳನ್ನು ಜೋರಾಗಿ ಓದಿದಳು.

"ಗೋಡೆ ಚೆನ್ನಾಗೇ ಮಾತಾಡುತ್ತೆ ಸಾರ್," ಎಂದು ನಕ್ಕು, ಬಾಗಿಲು ತೆಗೆಸಿ ಕೇಳಿದಳು: "ಎಷ್ಟು ವರ್ಷದಿಂದ ಖಾಲಿ?"

"ಆರು ವರ್ಷ. ಅಪ್ಪ ಹೋದಾಗಿನಿಂದ."

ಅದನ್ನೇ ಬರೆಸಿಕೊಂಡು ನನ್ನ ಸಹಿ ಹಾಕಿಸಿದಳು. ತೆರಿಗೆ ಕಟ್ಟುತ್ತೇನೆ ಬಿಡು, ಅದು ನ್ಯಾಯವೇ.

ಆದರೆ ಅಕ್ಕಾ, ಎರಡು ವರ್ಷದ ಹಿಂದೆ ಹನ್ನೊಂದನೆಯ ಮನೆಯವರು ನಿನ್ನನ್ನು ಹೊರಗೆ ಹಾಕಿದ ದಿನ, ಯಂತ್ರವನ್ನು ನನ್ನ ಮೆಟ್ಟಿಲ ಮೇಲಿಟ್ಟು ನೀನು ಇದೇ ಕೋಣೆ ಕೇಳಿದ್ದೆ.

"ಖಾಲಿ ಇಲ್ಲಕ್ಕಾ," ಅಂದಿದ್ದೆ.