ಸೀಟು ಎತ್ತುವ ಕೆಲಸ

5 ಜೂನ್ 2006, ಸೋಮವಾರ

ಬೆಳಿಗ್ಗೆ ಎರಡು ಪಂಕ್ಚರ್, ಒಂದು ಚೈನ್. ಹನ್ನೊಂದಕ್ಕೆ ದಟ್ಟಗಳ್ಳಿಯ ಗುರುಕಿರಣ್ ಬಂದರು. ಕಾಲೇಜು ಮೇಷ್ಟ್ರು. ಭಾನುವಾರ ಬಂದರೆ ಚಾಮುಂಡಿ ಬೆಟ್ಟದ ಕಾಲುದಾರಿಯಲ್ಲಿ ಸೈಕಲ್ ಇಳಿಸುವ ಹುಚ್ಚು. ಗೋಕುಲಂನಲ್ಲಿ ಯೋಗ ಕಲಿಯುತ್ತಿದ್ದ ಫಾರಿನ್ನವನೊಬ್ಬ ಊರಿಗೆ ಹೋಗುವಾಗ ಮಾರಿದ ಸೈಕಲ್ಲಂತೆ. ಸ್ಕೂಟರಿನ ಹಾಗೆ ಹಿಂದೆಯೂ ಕುಲುಕು ತಡೆಯುವ ಶಾಕ್ ಇದೆ. ಇಂಥದ್ದು ನನ್ನ ಅಂಗಡಿಗೆ ಇದೇ ಮೊದಲು.

"ಸಣ್ಣಯ್ಯನೋರೇ, ಹಿಂದ್ಗಡೆ ಟಕ್ ಟಕ್ ಅಂತಿದೆ. ಕುಂಬಾರಕೊಪ್ಪಲಲ್ಲಿ ನಿಮ್ ಕೈಯೇ ಕೈ ಅಂದ್ರು."

"ಹಬ್ ಲೂಸಾಗಿರ್ತದೆ ಸಾರ್. ಬುಟ್ಟೋಗಿ."

7 ಜೂನ್

ಚಕ್ರದ ನಡುವಿನ ಹಬ್ ಬಿಚ್ಚಿ ಹೊಸ ಬೇರಿಂಗ್ ಗುಂಡು ಹಾಕಿದೆ. ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಒಂದು ಕೂದಲೆಳೆಯಷ್ಟೂ ಆಟವಿಲ್ಲ. ಹತ್ತಿ ಕೂತರೆ— ಟಕ್. ಹಬ್ ಅಲ್ಲ ಹಾಗಾದರೆ.

ಸೀಟು ಹಿಡಿದು ಮೆಲ್ಲಗೆ ಎತ್ತಿ ನೋಡಿದೆ. ಚಕ್ರ ನೆಲ ಬಿಡುವ ಮೊದಲೇ ಸೀಟು ಒಂದು ಎಳೆ ಮೇಲೆ ಬರುತ್ತದೆ. ಆಟ ಇರುವುದು ಶಾಕಿನ ಕೀಲುಗಳಲ್ಲಿ. ನಾಲ್ಕು ಕೀಲು. ಎಲ್ಲ ಬೋಲ್ಟೂ ಬಿಗಿ ಮಾಡಿದೆ. ಆದರೂ ಟಕ್. ಒಬ್ಬರು ಸೀಟು ಎತ್ತಬೇಕು, ಇನ್ನೊಬ್ಬರು ಕೀಲಿನ ಮೇಲೆ ಬೆರಳಿಡಬೇಕು. ಆಗಲೇ ತಿಳಿಯುವುದು.

8 ಜೂನ್, ಮಧ್ಯಾಹ್ನ

ಹೆಂಡತಿ ಮಂಚಮ್ಮ ಊಟ ತಂದಳು. ಸೀಟು ಎತ್ತು ಅಂದೆ. ಒಂದೊಂದೇ ಕೀಲಿಗೆ ತೋರುಬೆರಳಿಟ್ಟೆ. ಏನೂ ಇಲ್ಲ. ಮೂವತ್ತೊಂದು ವರ್ಷ ಸ್ಪ್ಯಾನರ್ ಹಿಡಿದ ಬೆರಳು, ಜಡ್ಡುಗಟ್ಟಿದೆ. ಅವಳು ಮುಖ ನೋಡಿಯೇ ತಿಳಿದುಕೊಂಡಳು.

"ನಾನೊಂದ್ಸಲ ಇಡ್ಲಾ?"

"ಇಡು ಇಡು. ನೀನೂ ಮೆಕ್ಯಾನಿಕ್ ಆಗ್ಬುಡು."

ತಮಾಷೆಗೆ ಅಂದದ್ದು. ನಾನು ಸೀಟು ಎತ್ತಿದೆ. ಅವಳು ಕಣ್ಣು ಮುಚ್ಚಿದಳು. ಒಂದು, ಎರಡು, ಮೂರು... ಶಾಕಿನ ಕೆಳತುದಿಗೆ ಬಂದಾಗ ಬೆರಳು ನಿಂತಿತು.

"ಇಲ್ಲಿ ಕಣ್ರೀ. ಒಳಗೆ ಇರುವೆ ಹರ್ದಂಗಾಯ್ತದೆ."

ಇಪ್ಪತ್ತು ವರ್ಷದಿಂದ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾಳೆ. ಕಲಸಿದ ಹಿಟ್ಟಿನಲ್ಲಿ ಒಂದು ಮರಳಿನ ಕಣ ಇದ್ದರೂ ಅವಳ ಬೆರಳು ಹಿಡಿಯುತ್ತದೆ. ಅದೇ ಬೆರಳು.

"ಅಲ್ಲೇನಿಲ್ಲ, ಹೋಗು" ಅಂದೆ. ಅವಳು ಹೋದ ಮೇಲೆ ಅಲ್ಲೇ ಮತ್ತೆ ಬೆರಳಿಟ್ಟೆ. ನನಗೆ ಬರೀ ಕಬ್ಬಿಣ.

9 ಜೂನ್

ಬೇಕಂತಲೇ ಉಳಿದ ಮೂರು ಕೀಲು ಮೊದಲು ಬಿಚ್ಚಿದೆ. ಅವೆಲ್ಲ ಚೆನ್ನಾಗಿವೆ. ಕೊನೆಗೆ ಅವಳು ಹೇಳಿದ್ದು. ಒಳಗಿನ ಬಳೆಯಂಥ ಬುಷ್ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಹೊಟ್ಟೆ ಉರಿಯಿತು. ಲೇತ್‌ನಲ್ಲಿ ಹೊಸ ಬುಷ್ ಮಾಡಿಸಿ ಹಾಕಿದೆ. ಸದ್ದು ನಿಂತಿತು.

10 ಜೂನ್

"ಹೆಂಗ್ ಕಂಡ್ಹಿಡಿದ್ರಿ?" ಎಂದರು ಗುರುಕಿರಣ್.

"ಬೆರಳಿಟ್ಟೆ. ಗೊತ್ತಾಯ್ತು."

ನನ್ನ ಬೆರಳು ಹಿಡಿದು ನೋಡಿದರು. "ಚಿನ್ನದ ಬೆರಳು ಕಣ್ರೀ ಇದು!"

ಮಂಚಮ್ಮ ಊಟದ ಕ್ಯಾರಿಯರ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನಕ್ಕಳು, ಅಷ್ಟೆ. ಅವಳೇನಾದರೂ ಅಂದಿದ್ದರೆ ಬೈದು ಬಿಡುತ್ತಿದ್ದೆ. ಸುಮ್ಮನಿರುವವಳನ್ನು ಏನು ಮಾಡುವುದು?

19 ಜೂನ್

ಅಂಗಡಿಗೆ ಬರಬೇಡ, ಊಟ ನಾನೇ ಒಯ್ಯುತ್ತೇನೆ ಅಂದಿದ್ದೇನೆ. ಯಾಕೆ ಅಂದಳು. ಬಿಸಿಲು ಅಂದೆ. ಹೊರಗೆ ತುಂತುರು ಮಳೆ.

ದಿನಾ ಬಚ್ಚಲಲ್ಲಿ ಕಲ್ಲಿಗೆ ಬೆರಳು ಉಜ್ಜುತ್ತೇನೆ. ಹರಳೆಣ್ಣೆ ಹಚ್ಚುತ್ತೇನೆ. ಚರ್ಮ ಸುಲಿದು ರಕ್ತ ಬಂತು, ಸ್ಪರ್ಶ ಬರಲಿಲ್ಲ. ಸಂಜೆ ಅವಳು ಕಡ್ಡಿ ಹೊಸೆಯುವುದನ್ನೇ ನೋಡುತ್ತಾ ಕೂರುತ್ತೇನೆ. ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು! ಯಾರಿಗಾದರೂ ಹೇಳುವ ಮಾತೇ ಇದು?

24 ಜೂನ್, ಶನಿವಾರ

ಗುರುಕಿರಣ್ ಒಂದು ಹುಡುಗಿಯನ್ನು ಕರೆತಂದರು. ಪ್ರೀತಿ, ಶ್ರೀರಾಂಪುರದವಳು. ಅಂಥದ್ದೇ ಸೈಕಲ್. ನಾಳೆ ಇವರ ಜೊತೆ ಮೊದಲ ಸಲ ಬೆಟ್ಟ ಇಳಿಯುತ್ತಾಳಂತೆ. "ನಮ್ ಸಣ್ಣಯ್ಯನೋರು ಬೆರಳಿಟ್ರೆ ಸಾಕು" ಎನ್ನುತ್ತಾ ಅವರೇ ಸೀಟು ಎತ್ತಿದರು.

ಪಕ್ಕದ ಅಂಗಡಿಯವರೂ ಬಂದು ನಿಂತರು. ನಾಲ್ಕು ಕೀಲಿಗೂ ಬೆರಳಿಟ್ಟೆ. ಸುಲಿದ ಚರ್ಮದ ಉರಿ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ.

"ಏನಿಲ್ಲ ಕಣಮ್ಮ. ಧೈರ್ಯವಾಗಿ ಓಡ್ಸು."

ಇವತ್ತು ಊಟ ಮರೆತು ಬಂದಿದ್ದೆ. ಮಂಚಮ್ಮ ತಂದು ಬಾಗಿಲಲ್ಲೇ ನಿಂತಿದ್ದಳು. ಸಂಜೆ ಮನೆಯಲ್ಲಿ ಮೆಲ್ಲಗೆ ಬಾಯಿಬಿಟ್ಟಳು. "ಆ ಹುಡ್ಗಿ ಬಾಗ್ಲಲ್ಲಿ ಕೂದ್ಲು ಕಟ್ಕೊಳ್ವಾಗ ಸೈಕಲ್ ಸೀಟ್ ಹಿಡ್ಕೊಂಡಿದ್ದೆ. ಅದ್ರಲ್ಲೂ ಇರುವೆ ಅದೆ ಕಣ್ರೀ."

"ಬಾಯ್ಮುಚ್ಕೊಂಡು ಕಡ್ಡಿ ಹೊಸಿ" ಅಂದೆ.

ಹೊಸೆದಳು.

25 ಜೂನ್, ಬೆಳಿಗ್ಗೆ ಹನ್ನೊಂದು

ಐದಕ್ಕೇ ಎದ್ದೆ. ಬೆಟ್ಟದ ಆ ದಾರಿಯ ಕಲ್ಲುಗಳೇ ಕಣ್ಣ ಮುಂದೆ. ಆ ಹುಡುಗಿಗೆ ಧೈರ್ಯ ಹೇಳಿದವನು ನಾನು.

"ಎದ್ದೇಳು, ಸೈಕಲ್ ಹತ್ತು" ಅಂದೆ. ಎಲ್ಲಿಗೆ ಎಂದು ಕೇಳಲಿಲ್ಲ ಮಂಚಮ್ಮ. ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂತಳು. ಕುಂಬಾರಕೊಪ್ಪಲಿಂದ ಬೆಟ್ಟದ ಪಾದದವರೆಗೆ ತುಳಿದೆ. ಶರ್ಟು ಒದ್ದೆ. ಗುರುಕಿರಣ್, ಪ್ರೀತಿ, ಜೊತೆಯವರೆಲ್ಲ ಬೆಟ್ಟ ಹತ್ತಲು ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದರು.

"ಒಂದ್ನಿಮಿಷ ತಾಳಿ. ನಿನ್ನೆ ನಂಗೆ ಏನೂ ಗೊತ್ತಾಗ್ಲಿಲ್ಲ. ಸುಳ್ಳೇಳ್ಬುಟ್ಟೆ. ಸಾರ್, ನಿಮ್ ಸೈಕಲ್ದೂ ಕಂಡ್ಹಿಡಿದಿದ್ದು ಇವ್ಳೇ."

ಎಲ್ಲರ ಎದುರಿಗೆ ನಾನು ಸೀಟು ಎತ್ತಿದೆ. ಮಂಚಮ್ಮ ಬೆರಳಿಟ್ಟಳು. ಎರಡನೇ ಕೀಲು. "ಇಲ್ಲಿ."

ಬೋಲ್ಟ್ ತಿರುಗಿಸಿದೆ. ಅರ್ಧ ಬೋಲ್ಟ್ ಕೈಗೆ ಬಂತು. ಇನ್ನರ್ಧ ಒಳಗೇ ಉಳಿಯಿತು; ಮೊದಲೇ ತುಂಡಾಗಿತ್ತು.

ಪ್ರೀತಿ ರಸ್ತೆ ಬದಿಯಲ್ಲಿ ಕೂತುಬಿಟ್ಟಳು. ಆಮೇಲೆ ಎದ್ದು ಮಂಚಮ್ಮನ ಕೈ ಹಿಡಿದುಕೊಂಡಳು. ನನ್ನ ಕಡೆ ಯಾರೂ ನೋಡಲಿಲ್ಲ. ನಿಜ ಬರೆಯಬೇಕಲ್ಲ— ಆಗಲೂ ಹೊಟ್ಟೆ ಉರಿಯಿತು.

5 ಜುಲೈ

ಈ ವಾರ ಇಂಥವೇ ನಾಲ್ಕು ಸೈಕಲ್. ಬಂದವರೆಲ್ಲ ಕೇಳುವುದು "ಅಕ್ಕ ಇದಾರಾ?" ಊದುಬತ್ತಿ ಹೊಸೆಯುವ ಮಣೆ ಈಗ ಅಂಗಡಿಯ ಮೂಲೆಯಲ್ಲೇ ಇದೆ.

ನಿನ್ನೆ ನನ್ನ ಬೆರಳು ಎಳೆದುಕೊಂಡು ಅರಿಶಿನ ಹಚ್ಚಿದಳು. "ಕಲ್ಗೆ ಉಜ್ಬ್ಯಾಡಿ ಇನ್ಮೇಲೆ. ನಾನ್ ತೋರಿಸ್ಬೋದು ಅಷ್ಟೆ. ಬಿಚ್ಚಿ ಕಟ್ಟೋರ್ ಯಾರು?"

ಎಲ್ಲ ಗೊತ್ತಿತ್ತು ಇವಳಿಗೆ.

ಕಿಚ್ಚು ಹೋಗಿಲ್ಲ. ಆದರೆ ಬೆಳಿಗ್ಗೆ ಒಂದು ಸಂಗತಿ ಆಯಿತು. ಅವಳು ಬೆರಳಿಟ್ಟಿದ್ದಳು, ನಾನು ಸೀಟು ಎತ್ತುತ್ತಿದ್ದೆ. ಅವಳು "ಇಲ್ಲಿ" ಅನ್ನುವ ಮೊದಲೇ ಸೀಟು ಹಿಡಿದ ನನ್ನ ಅಂಗೈಗೆ, ಸಣ್ಣದಾಗಿ, ಒಂದು ಇರುವೆ ಹರಿದ ಹಾಗೆ...

ಕೂಗುತ್ತಿದ್ದಾಳೆ. "ಬನ್ರೀ, ಸೀಟ್ ಎತ್ತಿ." ಈ ಸಲ ಅವಳಿಗಿಂತ ಮೊದಲು ನಾನೇ "ಇಲ್ಲಿ"—