ಮೇಯರ್ ಸಾಹೇಬರ ಚಾಕರಿ

ರೀನೋ, ನೆವಾಡಾ
ಏಪ್ರಿಲ್ 14, 2019, ಭಾನುವಾರ

ಪ್ರಿಯ ಕೊರೀನ್,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ಚೆನ್ನಾಗಿಲ್ಲ, ಸುಳ್ಳು ಯಾಕೆ ಬರೆಯಲಿ. "ಫೋನಲ್ಲಿ ನೀನು ಬರೀ ಕೂಗಾಡ್ತೀಯ ವರ್ನ್, ಹೇಳೋದೇನಾದ್ರೂ ಇದ್ರೆ ಕಾಗದ ಬರಿ" ಎಂದು ನೀನು ಫೋನ್ ಇಟ್ಟು ಐದು ವಾರವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ. ಒಂದು ಹಾಳೆಯನ್ನು ಮೇಯರ್ ಕಚ್ಚಿಕೊಂಡು ಸೋಫಾದ ಕೆಳಗೆ ಓಡಿದ. ಇನ್ನೆರಡನ್ನು ನಾನೇ ಹರಿದೆ, ಅವುಗಳಲ್ಲಿ ಕೂಗಾಟ ಬಿಟ್ಟರೆ ಬೇರೇನೂ ಇರಲಿಲ್ಲ. ಇದರಲ್ಲೂ ಸ್ವಲ್ಪ ಇರುತ್ತದೆ, ಸಹಿಸಿಕೋ.

ಮೊದಲು ಕೆಲಸದ ಮಾತು. ಇದೇ 25, ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೇಯರ್‌ನನ್ನು ಪ್ರಾಣಿಗಳ ಡಾಕ್ಟರ್ ಹಾಲ್ವರ್ಸನ್ ಹತ್ತಿರ ಕರೆದುಕೊಂಡು ಹೋಗಬೇಕು. ಡಿಸೆಂಬರಿನಲ್ಲಿ ಹೊಟ್ಟೆಯೊಳಗೆ ಕಾಳಿನಷ್ಟಿದೆ ಎಂದಿದ್ದರಲ್ಲ, ಆ ಗಂಟು ಈಗ ಬೆಳೆದಿದೆ. ರಕ್ತದ ಸಕ್ಕರೆಯನ್ನು ಅದು ಇಳಿಸುತ್ತಲೇ ಇದೆ, ಔಷಧಿ ಸಾಲುತ್ತಿಲ್ಲ. "ಆಪರೇಷನ್ ಮಾಡಿದ್ರೆ ಇನ್ನೊಂದು ವರ್ಷ ಸಿಗಬಹುದು. ಟೇಬಲ್ ಮೇಲೇ ಹೋಗಿಬಿಡಲೂಬಹುದು. ಮಾಡದಿದ್ರೆ ಈ ಬೇಸಿಗೆ ದಾಟೋದು ಕಷ್ಟ. ಏನ್ ಮಾಡೋಣ ಹೇಳಿ" ಎಂದರು. ಅತ್ತ ದರಿ, ಇತ್ತ ಪುಲಿ. ನಾನು ಹೇಳಿದೆ, "ನಾನು ಹೇಳೋಕಾಗಲ್ಲ ಡಾಕ್ಟ್ರೇ. ಇವನು ನನ್ನ ಹೆಂಡ್ತಿಯವನು, ನಿಮ್ಮ ಕಾಗದದಲ್ಲಿ ಅವಳ ಸಹಿ ಇದೆ." ಅವರು ಕನ್ನಡಕದ ಮೇಲಿಂದ ನೋಡಿ, "ಹಾಗಾದ್ರೆ ಅವರನ್ನೇ ಕರ್ಕೊಂಡ್ ಬನ್ನಿ" ಎಂದರು. ಪಕ್ಕದ ಕೋಣೆಯಿಂದ ಕರೆದುಕೊಂಡು ಬರುವ ಹಾಗೆ!

ಇವನನ್ನೇ ನಿನ್ನ ಹತ್ತಿರ ತರೋಣವೆಂದರೆ ಅದೂ ಆಗದು. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ಪಶ್ಚಿಮಕ್ಕೆ ಹೋದರೆ ಕ್ಯಾಲಿಫೋರ್ನಿಯಾ, ಅಲ್ಲಿ ಫೆರೆಟ್ ಎಂಬ ಈ ಮುಂಗುಸಿಯಂಥ ಪ್ರಾಣಿಯನ್ನು ಸಾಕುವುದೇ ಅಪರಾಧ. ಇಲ್ಲಿ ನಮ್ಮ ಹಾಸಿಗೆಯಲ್ಲಿ ಮಲಗುವವನು ಗಡಿ ದಾಟಿದರೆ ಕಳ್ಳಮಾಲು. ನೀನು ಸ್ಯಾಕ್ರಮೆಂಟೊದಲ್ಲಿ, ಇವನು ರೀನೋದಲ್ಲಿ, ನಡುವೆ ನಾನು. "ಎರಡೇ ತಿಂಗಳು ವರ್ನ್, ಅಮ್ಮನ ಸೊಂಟದ ಮೂಳೆ ಕೂಡೋವರೆಗೆ" ಎಂದು ಹೋದ ವರ್ಷ ಮಾರ್ಚಿನಲ್ಲಿ ಹೊರಟೆ. ಈಗ ಲೆಕ್ಕ ಹಾಕಿ ನಿನಗೆ ಬೇಜಾರು ಮಾಡುವುದಿಲ್ಲ.

ಆದರೆ ಒಂದು ಮಾತು ನೆನಪಿರಲಿ ಮಾರಾಯ್ತಿ, ಫೆರೆಟ್ ಬೇಕು ಎಂದವಳು ನೀನು. ಆರು ವರ್ಷದ ಹಿಂದೆ ಅದನ್ನು ಡಬ್ಬಿಯಿಂದ ತೆಗೆದಾಗ ನಾನು ಏನಂದೆ? "ಇದೇನೇ ಇದು, ಹೆಗ್ಗಣವನ್ನ ಯಾರೋ ಎರಡೂ ಕಡೆ ಹಿಡಿದು ಎಳೆದ ಹಾಗಿದೆ!" ನೀನು ನಕ್ಕು, "ಬಾಯ್ಮುಚ್ಚು, ಎದೆ ಮೇಲೆ ಬಿಳಿ ಅಂಗಿ, ಮುಂದೆ ಹೊಟ್ಟೆ, ಥೇಟ್ ಮೇಯರ್ ಕಣೋ" ಎಂದೆ. ಹೆಸರು ಬಿತ್ತು. ಎರಡನೆಯ ದಿನವೇ ಹಿಂದಕ್ಕೆ ಬಾಗುವ ನನ್ನ ಕುರ್ಚಿ ಬೀದಿ ಪಾಲಾಯಿತು. ಅದರ ಮಡಿಕೆಯೊಳಗೆ ನುಗ್ಗಿ ಎಷ್ಟೋ ಫೆರೆಟ್‌ಗಳು ಅಪ್ಪಚ್ಚಿಯಾಗಿವೆಯಂತೆ, ಸಾಕುವವರೆಲ್ಲ ಮೊದಲು ಮಾಡುವ ಕೆಲಸ ಅದೇ ಅಂತೆ. ನನ್ನ ಬೆನ್ನು ಅಪ್ಪಚ್ಚಿಯಾದರೆ ಪರವಾಗಿಲ್ಲ. ಆರು ವರ್ಷದಿಂದ ಊಟದ ಮೇಜಿನ ಮರದ ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದೇನೆ.

ಈಗಿನ ನನ್ನ ದಿನಚರಿ ಕೇಳು. ನಾಲ್ಕು ಗಂಟೆಗೊಮ್ಮೆ ಊಟ ಬೀಳಲೇಬೇಕು, ತಪ್ಪಿದರೆ ಸಕ್ಕರೆ ಇಳಿಯುತ್ತದೆ. ಊಟವೆಂದರೆ ತಟ್ಟೆಗೆ ಸುರಿದು ಬರುವಂತಿಲ್ಲ. ಕೋಳಿ ಬೇಯಿಸಿ, ನುಣ್ಣಗೆ ರುಬ್ಬಿ, ಉಗುರು ಬೆಚ್ಚಗೆ ಮಾಡಿ, ನನ್ನ ಬೆರಳಿಗೆ ಹಚ್ಚಿ ನೆಕ್ಕಿಸಬೇಕು. ಬೇರೆಯವರ ಬೆರಳಾದರೆ ಸಾಹೇಬರು ಮುಖ ತಿರುಗಿಸುತ್ತಾರೆ. ಬೆಳಿಗ್ಗೆ ಸಂಜೆ ಔಷಧಿ. ದಿನಕ್ಕೆ ನಾಲ್ಕು ಗಂಟೆ ಗೂಡಿನಿಂದ ಹೊರಗೆ ಬಿಡಬೇಕು, ಬಿಟ್ಟಷ್ಟು ಹೊತ್ತೂ ನಾನು ಹಿಂದೆ ಹಿಂದೆ. ರಬ್ಬರ್ ಕಂಡರೆ ನುಂಗುತ್ತಾನೆ, ಕಾಲ್ಚೀಲ ಕಂಡರೆ ಕದಿಯುತ್ತಾನೆ. ಕಕ್ಕಸಿಗೆಂದು ಮಣ್ಣು ತುಂಬಿದ ತಟ್ಟೆ ಒಂದು ಮೂಲೆಯಲ್ಲಿಟ್ಟರೆ ಉಳಿದ ಮೂರು ಮೂಲೆಗಳಲ್ಲಿ ಹೊಲಸು ಮಾಡುತ್ತಾನೆ. ನಾಲ್ಕು ಮೂಲೆಗೂ ಇಟ್ಟೆ. ಬಾಗಿಲ ಹಿಂದೆ ಐದನೆಯ ಮೂಲೆ ಹುಡುಕಿಕೊಂಡ!

ವಾಸನೆ ಬರುತ್ತದೆಂದು ವಾರಕ್ಕೊಮ್ಮೆ ಸೋಪು ಹಾಕಿ ಸ್ನಾನ ಮಾಡಿಸಿದೆ. ವಾಸನೆ ಇಮ್ಮಡಿಯಾಯಿತು. ವಾರಕ್ಕೆರಡು ಸಲ ಮಾಡಿಸಿದೆ. ಕೊನೆಗೆ ಡಾಕ್ಟರ್ ಬೈದರು, "ತೊಳೆದಷ್ಟೂ ಮೈ ಎಣ್ಣೆ ಜಾಸ್ತಿ ಬಿಡುತ್ತೆ, ಅದರಿಂದಲೇ ನಾತ. ಆರು ವರ್ಷ ಜೊತೇಲಿದ್ದೀರಿ, ಇಷ್ಟೂ ಗೊತ್ತಿಲ್ವಾ?" ಹೇಗೆ ಗೊತ್ತಿರಬೇಕು? ಐದು ವರ್ಷ ನೋಡಿಕೊಂಡವಳು ನೀನು. ನಾನು ಆ ಐದು ವರ್ಷ ಅವನನ್ನು ಬೈದುಕೊಂಡು ಇದ್ದವನು ಅಷ್ಟೆ.

ಕ್ಯಾಸಿನೋದಲ್ಲಿ ನನ್ನ ಮರ್ಯಾದೆ ಪೂರ್ತಿ ಹೋಗಿದೆ. ರಿಪೇರಿಗೆ ಜೂಜಿನ ಯಂತ್ರವೊಂದನ್ನು ಬಿಚ್ಚಿ ಅರ್ಧಕ್ಕೆ ಬಿಟ್ಟು ಇವನ ಊಟದ ಹೊತ್ತಿಗೆ ಮನೆಗೆ ಓಡುತ್ತೇನೆ. ನಮ್ಮ ಮ್ಯಾನೇಜರ್ ಡ್ವೈಟ್ ಎಲ್ಲರೆದುರು, "ಏನ್ ವರ್ನ್, ಮಗೂಗೆ ಹಾಲು ಕುಡಿಸೋ ಹೊತ್ತಾಯ್ತಾ?" ಎಂದು ಹಲ್ಲು ಕಿಸಿಯುತ್ತಾನೆ. ಜನವರಿಯಲ್ಲಿ ನನಗೆ ಜ್ವರ ಬಂದಾಗ ಇನ್ನೂ ಫಜೀತಿ. ನಮ್ಮ ನೆಗಡಿ ಜ್ವರ ಇವಕ್ಕೆ ಅಂಟುತ್ತದಲ್ಲ, ಅದಕ್ಕೆ ಹತ್ತು ದಿನ ಮೂಗು ಬಾಯಿ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಉಣಿಸಿದೆ. ನನಗೆ ಒಂದು ಲೋಟ ಬಿಸಿನೀರು ಕೊಡುವವರು ಇರಲಿಲ್ಲ, ನಾನು ಇವನ ಕೋಳಿ ರುಬ್ಬುತ್ತಿದ್ದೆ.

ಸೋಮವಾರ ಸಂಜೆ

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಓದಿ ನೋಡಿದರೆ ಬರೀ ದೂರು. ಇರಲಿ, ಹರಿಯುವುದಿಲ್ಲ.

ಕಳೆದ ಮಂಗಳವಾರದ ಸಂಗತಿ ಬರೆಯದಿದ್ದರೆ ನಿನಗೆ ಪರಿಸ್ಥಿತಿ ಗೊತ್ತಾಗುವುದಿಲ್ಲ. ಒಂದು ಯಂತ್ರ ಕೈಕೊಟ್ಟಿತು, ಮನೆಗೆ ಬರುವುದು ಮುಕ್ಕಾಲು ಗಂಟೆ ತಡವಾಯಿತು. ಮೇಯರ್ ಗೂಡಿನ ನೆಲದ ಮೇಲೆ ಬಿದ್ದಿದ್ದ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಬಾಯಿಂದ ಜೊಲ್ಲು, ಹಿಂಗಾಲು ಎರಡೂ ಬಟ್ಟೆಯ ಹಾಗೆ ಜೋಲುತ್ತಿದ್ದವು. ಎತ್ತಿಕೊಂಡು ವಸಡಿಗೆ ಜೇನುತುಪ್ಪ ತಿಕ್ಕಿದೆ. "ಏಳೋ, ಏಳೋ ಮಾರಾಯ, ಅವಳಿಗೆ ನಾನೇನು ಹೇಳಲಿ" ಎಂದು ಒಬ್ಬನೇ ಅರಚುತ್ತಿದ್ದೆ. ಐದಾರು ನಿಮಿಷಕ್ಕೆ ಎಚ್ಚರ ಬಂತು. ಬಂದ ಕೂಡಲೇ ಜೇನು ತಿಕ್ಕುತ್ತಿದ್ದ ನನ್ನ ಹೆಬ್ಬೆರಳನ್ನೇ ಕಚ್ಚಿ ರಕ್ತ ಬರಿಸಿದ. ಉಂಡ ಮನೆಗೆ ಎರಡು ಬಗೆಯುವ ಪ್ರಾಣಿ! ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ ಕೊರೀನ್. ನೋವಿಗಲ್ಲ.

ಪಕ್ಕದ ಮನೆಯ ಲುಪೆ ಗಲಾಟೆ ಕೇಳಿ ಓಡಿ ಬಂದಳು. ಹೆಬ್ಬೆರಳಿಗೆ ಬಟ್ಟೆ ಕಟ್ಟುತ್ತಾ, "ಅಲ್ಲಪ್ಪಾ, ನಿನಗೆ ಬುದ್ಧಿ ಇದೆಯೋ ಇಲ್ವೋ? ಇದನ್ನೆಲ್ಲ ಹೆಂಡ್ತಿಗೆ ಹೇಳಿದೀಯಾ?" ಎಂದು ಕೇಳಿದಳು.

"ಅವಳು ಇವನ ವಿಷಯ ಕೇಳೋದನ್ನೇ ಬಿಟ್ಟಿದಾಳೆ" ಎಂದೆ.

"ಅವಳು ಕೇಳಲಿಲ್ಲ, ನೀನು ಹೇಳಲಿಲ್ಲ. ಒಳ್ಳೇ ಗಂಡ ಹೆಂಡ್ತಿ! ಬರಿಯೋ, ಇವತ್ತೇ ಬರಿ."

ಅವತ್ತೇ ಬರೆಯಲಿಲ್ಲ, ಆದರೆ ಬರೆಯುತ್ತಿದ್ದೇನೆ. ನನಗೆ ನಿಜವಾಗಿ ಉರಿಯುವುದು ಇದೇ. ಹೋದ ಹೊಸದರಲ್ಲಿ ನೀನು ದಿನಾ ಫೋನ್ ಮಾಡಿ ಮೊದಲು ಅವನನ್ನೇ ಕೇಳುತ್ತಿದ್ದೆ. ತಿಂದನಾ, ಕುಣಿದನಾ, ಬಾಲದ ಕೂದಲು ಉದುರಿದೆಯಾ. ಫೋನನ್ನು ಗೂಡಿನ ಹತ್ತಿರ ಹಿಡಿ ಎನ್ನುತ್ತಿದ್ದೆ. ಅವನು ನಿನ್ನ ದನಿಗೆ ಗೊಟಗೊಟ ಎಂದು ಸದ್ದು ಮಾಡುತ್ತಾ ಗಿರಗಿರ ಸುತ್ತುತ್ತಿದ್ದ. ಫೆಬ್ರವರಿಯಿಂದ ಒಂದು ಮಾತಿಲ್ಲ. ಓಪಲ್ ಅಮ್ಮನ ಮಣ್ಣಿನ ಆ ಶನಿವಾರ, ಅವನಿಗೆ ಫಿಟ್ಸ್ ಬಂತು, ಬಿಟ್ಟು ಹೊರಡಲು ಆಗಲಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದೆ. ನೀನು ಅಂದೆ, "ಒಂದು ಫೆರೆಟ್‌ಗೋಸ್ಕರ ನೀನು ನಮ್ಮಮ್ಮನ ಮಣ್ಣಿಗೆ ಬರ್ಲಿಲ್ಲ. ಇನ್ನು ಅದರ ಹೆಸರು ನನ್ನ ಮುಂದೆ ಎತ್ತಬೇಡ." ಎತ್ತಲಿಲ್ಲ. ಎರಡು ತಿಂಗಳು ನಾನೊಬ್ಬನೇ ಎಲ್ಲ ನುಂಗಿಕೊಂಡೆ.

ನಿನಗೆ ನನ್ನ ಮೇಲೆ ಸಿಟ್ಟಿರಲಿ. ಆದರೆ ಇವನು ಈಗಲೂ ಮುಂಬಾಗಿಲು ಸದ್ದಾದರೆ ಎದ್ದು ಹೋಗಿ, ಹಿಂಗಾಲು ಎಳೆದುಕೊಂಡೇ ಹೋಗಿ, ನನ್ನನ್ನು ನೋಡಿ ವಾಪಸು ಬಂದು ಮಲಗುತ್ತಾನೆ. ಅದನ್ನು ದಿನಾ ನೋಡುವುದು ನನ್ನ ಕೈಲಾಗದು.

ಗುರುವಾರ ಬಾ ಕೊರೀನ್. ಆಪರೇಷನ್ ಬೇಕೋ ಬೇಡವೋ ನೀನು ಹೇಳು, ನೀನು ಹೇಳಿದ್ದೇ ಆಗಲಿ. ರಾತ್ರಿ ಉಳಿಯಬೇಕಾಗಿಲ್ಲ. ಉಳಿದರೆ ಹಾಸಿಗೆ ಒಗೆದು ಇಟ್ಟಿದ್ದೇನೆ. ಓಪಲ್ ಅಮ್ಮನ ಆತ್ಮಕ್ಕೆ ಶಾಂತಿ ಸಿಗಲಿ, ನನ್ನನ್ನು ಒಂದು ದಿನವೂ ಬೇರೆಯವನೆಂದು ನೋಡದ ಹೆಂಗಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಬೆಟ್ಟದ ದಾರಿಯಲ್ಲಿ ಇನ್ನೂ ಹಿಮವಿದೆಯಂತೆ, ನಿಧಾನವಾಗಿ ಬಾ.

ನಿನ್ನ
ವರ್ನ್

ವಿ.ಸೂ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಫೆಬ್ರವರಿಯ ಆ ಶನಿವಾರ ಮೇಯರ್‌ಗೆ ಫಿಟ್ಸ್ ಬಂದಿರಲಿಲ್ಲ.

ಲುಪೆ ಹಿಂದಿನ ವಾರವಿಡೀ ದಿನಾ ಬಂದು ಉಣಿಸುವುದನ್ನು ಕಲಿತಿದ್ದಳು, ಕಚ್ಚಿಸಿಕೊಂಡು ಕಲಿತಳು. ಕೊನೆಗೆ ಅವಳ ಬೆರಳಿನಿಂದಲೂ ತಿಂದ. ಅವತ್ತು ಬೆಳಿಗ್ಗೆ ಆರಕ್ಕೇ ಬಂದು, "ನೀನು ನಿಶ್ಚಿಂತೆಯಿಂದ ಹೋಗು, ನಾಳೆ ಬಂದ್ರೂ ಪರವಾಗಿಲ್ಲ" ಎಂದು ಕಳಿಸಿದಳು. ಕರಿ ಕೋಟು ಹಾಕಿಕೊಂಡು ಹೊರಟೆ. ಗಡಿ ದಾಟಿದ ಮೇಲೆ ತಪಾಸಣೆಯ ಕಟ್ಟೆಯಲ್ಲಿ ಒಬ್ಬ ಹುಡುಗಿ, "ಹಣ್ಣು, ಗಿಡ, ಪ್ರಾಣಿ ಏನಾದ್ರೂ ಇದೆಯಾ ಸಾರ್?" ಎಂದಳು. "ಏನೂ ಇಲ್ಲಮ್ಮ" ಎಂದೆ. "ಹೋಗಿ ಬನ್ನಿ" ಎಂದು ಕೈ ಬೀಸಿದಳು. ರಸ್ತೆ ಒಣಗಿತ್ತು. ಮುಂದಿನ ತಿರುವಿನಲ್ಲಿ ಗಾಡಿ ತಿರುಗಿಸಿ ವಾಪಸು ಬಂದೆ.

ಕ್ರಿಸ್‌ಮಸ್‌ನಲ್ಲಿ ನೀನು ಹೇಳಿದ್ದೆ, "ಅಮ್ಮನ ಕಾಲ ಮುಗೀಲಿ ವರ್ನ್, ನಮ್ಮಿಬ್ಬರ ವಿಷಯ ಆಮೇಲೆ ಮಾತಾಡೋಣ." ಅಮ್ಮನ ಕಾಲ ಮುಗಿದಿತ್ತು. ನಾನು ಬಂದರೆ ಆ ಮಾತು ಬರುತ್ತದೆಂದು ಹೆದರಿದೆ. ಬರದಿದ್ದರೆ ಇನ್ನೂ ಸ್ವಲ್ಪ ದಿನ ನಿನ್ನ ಗಂಡನಾಗಿರಬಹುದು ಎಂದುಕೊಂಡೆ. ಕತ್ತಲಾಗುವವರೆಗೆ ಒಂದು ಪೆಟ್ರೋಲ್ ಬಂಕಿನ ಹತ್ತಿರ ಗಾಡಿಯಲ್ಲೇ ಕೂತಿದ್ದೆ. ಮನೆಗೆ ಬಂದಾಗ ಲುಪೆ, "ಎಲ್ಲ ಚೆನ್ನಾಗಿ ಆಯ್ತಾ?" ಎಂದು ಕೇಳಿದಳು. ಆಯಿತು ಎಂದೆ. ಆಮೇಲೆ ನಿನಗೆ ಫೋನ್ ಮಾಡಿ ಮೇಯರ್ ಹೆಸರು ಹೇಳಿದೆ. ಅವನು ಆಗ ನನ್ನ ತೊಡೆಯ ಮೇಲೆ ಮಲಗಿದ್ದ, ಅವತ್ತಿಡೀ ಹೊಟ್ಟೆ ತುಂಬಾ ತಿಂದು ಆರಾಮಾಗಿದ್ದ.

ಅವನದೇನೂ ತಪ್ಪಿಲ್ಲ ಕೊರೀನ್. ನನ್ನನ್ನು ನೋಡಲು ಬರದಿದ್ದರೂ ಅವನನ್ನು ನೋಡಲು ಬಾ.